ನೀರು ಎಷ್ಟು ಬೆಚ್ಚಗಿದೆ ಅನ್ನೋದೇ ಮೊದಲ ಪ್ರಶ್ನೆ: ಮ್ಯಾಸಚೂಸೆಟ್ಸ್‌ನ ಕೆರೆಗಳಲ್ಲಿ ಬ್ಯಾಸ್ ಮೀನು

ಬಾಸ್ಟನ್‌ನಿಂದ ಪಶ್ಚಿಮಕ್ಕೆ ಹೊರಟರೆ ಆಶ್‌ಲ್ಯಾಂಡ್, ಹಾಪ್‌ಕಿಂಟನ್, ವೆಸ್ಟ್‌ಬರೋ, ಶ್ರೂಸ್‌ಬರಿ ಹೀಗೆ ಊರುಗಳು ಸಾಲಾಗಿ ಸಿಗುತ್ತವೆ. ಆಶ್‌ಲ್ಯಾಂಡ್‌ನಲ್ಲಿ ಲಕ್ಷ್ಮಿ ದೇವಸ್ಥಾನ ಇದೆ. ಸುತ್ತಮುತ್ತ ಕನ್ನಡದವರ ಮನೆಗಳೂ ಬೇಕಾದಷ್ಟಿವೆ. ಅಷ್ಟೇ ಸಂಖ್ಯೆಯಲ್ಲಿ ಕೆರೆಗಳೂ ಇವೆ. ಕೆಲವು ಹಿಮಯುಗದ ಮಂಜುಗಡ್ಡೆ ಕರಗಿ ಉಳಿದ ಗುಂಡಿಗಳು, ಕೆಲವು ಹಳೇ ಗಿರಣಿಗಳಿಗೆ ಅಂತ ಕಟ್ಟೆ ಹಾಕಿ ನಿಲ್ಲಿಸಿದ ನೀರು. ಇವುಗಳಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಮೀನು ಅಂದರೆ ಲಾರ್ಜ್‌ಮೌತ್ ಬ್ಯಾಸ್.

ಊರಿನಿಂದ ಫೋನ್ ಮಾಡಿದವರು ಮೊದಲು ಕೇಳೋದು "ಅಲ್ಲಿ ಯಾರೂ ಬೈಯಲ್ವಾ?" ಅಂತ. ನಮ್ಮ ಕಡೆ ಕೆರೆಯ ಮೀನು ಟೆಂಡರ್ ಆಗಿರುತ್ತದೆ. ಗುತ್ತಿಗೆ ಹಿಡಿದವನ ಕಣ್ಣು ತಪ್ಪಿಸಿ ಗಾಳ ಹಾಕಬೇಕು. ಇಲ್ಲಿ ಹಾಗಲ್ಲ. 10 ಎಕರೆಗಿಂತ ದೊಡ್ಡದಾದ, ತಾನಾಗೇ ಆದ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಜನರದ್ದು. ಈ ಕಾನೂನಿನ ಬೇರು 1641ಕ್ಕೆ ಹೋಗುತ್ತದೆ, ಅಂದರೆ ಅಮೆರಿಕ ಅನ್ನೋ ದೇಶ ಹುಟ್ಟೋದಕ್ಕೂ ಮೊದಲು, ಇದು ಇಂಗ್ಲಿಷರ ವಸಾಹತು ಆಗಿದ್ದಾಗ. ಕೈಯಲ್ಲಿ ಲೈಸೆನ್ಸ್ ಇದ್ದರೆ ಆಯ್ತು. ಕುಡಿಯುವ ನೀರಿನ ಕೆರೆಗಳ ನಿಯಮ ಮಾತ್ರ ಬೇರೆ, ಅಲ್ಲಿ ಹಾಕಿರುವ ಬೋರ್ಡ್ ಓದಿಕೊಳ್ಳಬೇಕು. ಒಂದು ಸಾರ್ವಜನಿಕ ಕೆರೆ, ಅದರಲ್ಲಿ ಯಾರು ಬೇಕಾದರೂ ಮೀನು ಹಿಡಿಯಬಹುದು ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಬ್ಯಾಸ್ ಈ ಕಡೆಯ ಮೂಲ ಮೀನಲ್ಲ. 19ನೇ ಶತಮಾನದಲ್ಲಿ ತಂದು ಬಿಟ್ಟಿದ್ದು. ಹಸಿರು ಬೆನ್ನು, ಪಕ್ಕದಲ್ಲಿ ಉದ್ದಕ್ಕೆ ಕಪ್ಪು ಪಟ್ಟೆ. ಬಾಯಿ ಎಷ್ಟು ದೊಡ್ಡದು ಅಂದರೆ ಮುಚ್ಚಿದಾಗಲೂ ಮೇಲಿನ ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಅಟ್ಟಿಸಿಕೊಂಡು ಹೋಗೋದಕ್ಕಿಂತ ಹೊಂಚು ಹಾಕೋದೇ ಜಾಸ್ತಿ. ಬಿದ್ದ ಮರ, ಜೊಂಡು, ತಾವರೆ ಎಲೆ, ದೋಣಿ ಕಟ್ಟುವ ಕಟ್ಟೆಯ ನೆರಳು, ಇಂಥ ಕಡೆ ಅಲ್ಲಾಡದೆ ನಿಂತಿರುತ್ತದೆ. ನಮ್ಮ ಕೆರೆಗಳ ಕೊರವ ಮೀನು ಗೊತ್ತಿದ್ದವರಿಗೆ ಇದರ ಸ್ವಭಾವ ಅರ್ಧ ಗೊತ್ತಿದ್ದ ಹಾಗೇ.

ಹೊಸದಾಗಿ ಶುರು ಮಾಡುವವರು ಅಂಗಡಿಗೆ ಹೋಗಿ ಗೋಡೆ ತುಂಬ ನೇತು ಹಾಕಿರುವ ಲೂರ್‌ಗಳನ್ನು, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆಗಳನ್ನು ನೋಡಿ ಡಬ್ಬಿ ಡಬ್ಬಿ ತರುತ್ತಾರೆ. ಆ ದುಡ್ಡಿಗೆ ಮೊದಲು ಒಂದು ಥರ್ಮಾಮೀಟರ್ ತನ್ನಿ ಅಂತೀನಿ ನಾನು. ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ಎಷ್ಟು ಬೆಚ್ಚಗಿದೆಯೋ ಅಷ್ಟೇ ಅದಕ್ಕೆ ಹಸಿವು, ಅಷ್ಟೇ ಓಡಾಟ. ಅದು ಎಲ್ಲಿ ನಿಂತಿದೆ ಅಂತ ನೀರು ಹೇಳುತ್ತದೆ. ಆ ಜಾಗಕ್ಕೆ ಸಿಕ್ಕಿಹಾಕಿಕೊಳ್ಳದೆ, ಮೀನಿನ ಅವತ್ತಿನ ವೇಗಕ್ಕೆ ಸರಿಯಾಗಿ ಹೋಗಬಲ್ಲ ಲೂರ್ ಯಾವುದು ಅನ್ನೋದು ಆಮೇಲಿನ ಮಾತು.

ಮಾರ್ಚ್ ಕೊನೆಗೆ ಸಾಮಾನ್ಯವಾಗಿ ಕೆರೆಯ ಮೇಲಿನ ಮಂಜುಗಡ್ಡೆ ಕರಗುತ್ತದೆ. ಗಾಳಿ ಇನ್ನೂ ಕೊರೆಯುತ್ತಿರುತ್ತದೆ. ಆಗ ನೇರ ಕೆರೆಯ ಉತ್ತರದ ದಡಕ್ಕೆ ಹೋಗಿ. ದಕ್ಷಿಣದ ಬಿಸಿಲು ಬೀಳೋದು ಅಲ್ಲಿಗೆ, ಉತ್ತರದ ಚಳಿಗಾಳಿಯೂ ಅಲ್ಲಿ ತಾಗೋದು ಕಡಿಮೆ. ತಳ ಕಪ್ಪು ಕೆಸರಾಗಿದ್ದರೆ ಇನ್ನೂ ಒಳ್ಳೆಯದು, ಬಿಸಿಲು ಹೀರಿಕೊಂಡು ಸುತ್ತಲಿನ ನೀರನ್ನು ಒಂದೆರಡು ಡಿಗ್ರಿ ಮೇಲೇರಿಸುತ್ತದೆ. ಆ ಒಂದೆರಡು ಡಿಗ್ರಿಗೇ ಮೀನು ಅಲ್ಲಿಗೆ ಬರೋದು. ಸೂರ್ಯ ಹುಟ್ಟುವ ಮೊದಲೇ ಎದ್ದು ಹೋಗಬೇಕಾಗಿಲ್ಲ, ಈ ಕಾಲದಲ್ಲಿ ಮಧ್ಯಾಹ್ನವೇ ಸರಿ. ನೀರು 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ನನ್ನ ಕೈ ಹೋಗೋದು ಜರ್ಕ್‌ಬೈಟ್‌ಗೆ. ಸಪೂರ, ಚಿಕ್ಕ ಮೀನಿನ ಆಕಾರದ ಗಟ್ಟಿ ಲೂರ್ ಅದು. ಎರಡು ಸಲ ಜಗ್ಗಿ ಬಿಡಬೇಕು. ಆಮೇಲೆ ಸುಮ್ನೆ ನಿಲ್ಲಿಸಬೇಕು. ಐದು ಸೆಕೆಂಡು, ಹತ್ತು ಸೆಕೆಂಡು, ನೀರು ತಣ್ಣಗಿದ್ದಷ್ಟೂ ಜಾಸ್ತಿ ಹೊತ್ತು. ಹೊಡೆತ ಬೀಳೋದು ಹೆಚ್ಚಾಗಿ ಆ ನಿಂತ ಹೊತ್ತಿನಲ್ಲೇ. ಕೈ ಸುಮ್ಮನಿರದವರಿಗೆ ಏಪ್ರಿಲ್ ಬಹಳ ಕಷ್ಟದ ತಿಂಗಳು.

ಮೇ ಮಧ್ಯದಿಂದ ಜೂನ್ ಮೊದಲವರೆಗೆ, ನೀರು 16-18 ಡಿಗ್ರಿ ದಾಟಿದ ಮೇಲೆ ಮೊಟ್ಟೆ ಇಡುವ ಕಾಲ. ಗಂಡು ಮೀನು ದಡದ ಹತ್ತಿರ, ಸೊಂಟ ಮಟ್ಟದ ನೀರಿನಲ್ಲಿ ಬಾಲದಿಂದ ಕಸ ಗುಡಿಸಿ ಗುಂಡಗೆ ಒಂದು ತಟ್ಟೆ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಕಾವಲು ಪೂರ್ತಿ ಗಂಡಿನದ್ದೇ. ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ದಡದಲ್ಲಿ ನಿಧಾನಕ್ಕೆ ನಡೆದರೆ ಕಂದು ತಳದಲ್ಲಿ ಬಿಳಿಚಿಕೊಂಡ ವೃತ್ತ, ಅದರ ಮೇಲೆ ರೆಕ್ಕೆ ಆಡಿಸುತ್ತ ನಿಂತ ಮೀನು ಸ್ಪಷ್ಟವಾಗಿ ಕಾಣುತ್ತದೆ. ಏನು ಹಾಕಿದರೂ ಅದು ಬಾಯಿ ಹಾಕುತ್ತದೆ. ಹಸಿವಿಗಲ್ಲ, ಓಡಿಸೋದಕ್ಕೆ. ಇಲ್ಲಿ ಬ್ಯಾಸ್‌ಗೆ ವರ್ಷಪೂರ್ತಿ ಅನುಮತಿ ಇದೆ, ಹಾಗಾಗಿ ಈ ಮೀನನ್ನು ಹಿಡಿಯೋದು ಕಾನೂನಿನ ಪ್ರಕಾರ ತಪ್ಪೇನೂ ಅಲ್ಲ.

ಅಪ್ಪ ಬಂದಿದ್ದಾಗ ಹೀಗೇ ಒಂದು ಗೂಡು ತೋರಿಸಿದೆ. ಅವರು ಹಾಸನದ ಕಡೆಯ ಕೆರೆಯಲ್ಲಿ ಎರೆಹುಳು, ಬಿದಿರು ಕೋಲು ಹಿಡಿದು ಬೆಳೆದವರು. ಬಗ್ಗಿ ನೋಡುತ್ತಾ ಬಹಳ ಹೊತ್ತು ನಿಂತರು. ನೀಲಿ ಕಿವಿಯ ಚಿಕ್ಕ ಮೀನುಗಳು, ಬ್ಲೂಗಿಲ್ ಅಂತಾರೆ, ನಾಲ್ಕೈದು ಸುತ್ತಲೂ ಹೊಂಚು ಹಾಕುತ್ತಿದ್ದವು. ಬ್ಯಾಸ್ ಒಂದನ್ನು ಅಟ್ಟಿಸಿ ವಾಪಸ್ ಬರೋ ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಎರಡು ನುಗ್ಗುತ್ತಿದ್ದವು. "ಇದನ್ನ ಮಾತ್ರ ಎಳೀಬೇಡ ಕಣೋ. ಇದು ಆ ಕಡೆ ಹೋದ್ರೆ ಒಂದ್ ಮೊಟ್ಟೆನೂ ಉಳಿಯಲ್ಲ. ನಮ್ ಕೊರವನೂ ಹಿಂಗೇ ಮರಿ ಕಾಯೋದು" ಅಂದರು. ಅದು ನಿಜ. ಕಾವಲು ಮೀನನ್ನು ಎತ್ತಿ ಫೋಟೋ ತೆಗೆಯುವಷ್ಟರಲ್ಲಿ ಬ್ಲೂಗಿಲ್‌ಗಳು ಗೂಡು ಖಾಲಿ ಮಾಡಿಬಿಡಬಲ್ಲವು. ನಾನು ಈ ದಿನಗಳಲ್ಲಿ ಗೂಡುಗಳನ್ನು ಬಿಟ್ಟು ಸ್ವಲ್ಪ ಆಳದ ಅಂಚಿಗೆ ಹಾಕುತ್ತೇನೆ. ಮೊಟ್ಟೆ ಇಟ್ಟು ಬಂದ ಹೆಣ್ಣು ಮೀನುಗಳು ಅಲ್ಲಿ ದಣಿವಾರಿಸಿಕೊಳ್ಳುತ್ತಿರುತ್ತವೆ.

ಆ ಅಂಚಿಗೆ, ಮತ್ತು ನನ್ನನ್ನು ಕೇಳಿದರೆ ಇಡೀ ವರ್ಷಕ್ಕೇ, ಒಂದೇ ಒಂದು ಲೂರ್ ಇಟ್ಟುಕೊಳ್ಳಿ ಅಂದರೆ ಸೆಂಕೊ. ಐದಿಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳು, ನೋಡೋದಕ್ಕೆ ಪೆನ್ಸಿಲ್ ಹಾಗೆ, ಕಾಲಿಲ್ಲ ಬಾಲವಿಲ್ಲ. ಅದರ ಸರಿಯಾಗಿ ನಡುವಿಗೆ ಕೊಕ್ಕೆ ಚುಚ್ಚಬೇಕು, ಇದಕ್ಕೆ ವ್ಯಾಕಿ ರಿಗ್ ಅಂತಾರೆ. ದಾರಕ್ಕೆ ಭಾರದ ಗುಂಡು ಬೇಡ. ಪ್ಲಾಸ್ಟಿಕ್‌ನಲ್ಲೇ ಉಪ್ಪು ಬೆರೆಸಿರುವುದರಿಂದ ಅದರ ತೂಕಕ್ಕೇ ಮುಳುಗುತ್ತದೆ. ಮುಳುಗುವಾಗ ಎರಡೂ ತುದಿ ಸಣ್ಣಗೆ ನಡುಗುತ್ತವೆ. ಮಾಡಬೇಕಾದ ಕೆಲಸ ಅಂದರೆ ಏನೂ ಮಾಡದೆ ದಾರ ನೋಡುತ್ತಿರೋದು. ದಾರ ನೀರಿನ ಮೇಲೆ ಸಡಿಲವಾಗಿ ಬಿದ್ದಿರುತ್ತದೆ, ಇದ್ದಕ್ಕಿದ್ದ ಹಾಗೆ ಒಂದಿಷ್ಟೇ ಇಷ್ಟು ಅಲ್ಲಾಡುತ್ತದೆ, ಇಲ್ಲಾ ಪಕ್ಕಕ್ಕೆ ಸರಿಯೋದಕ್ಕೆ ಶುರು ಮಾಡುತ್ತದೆ. ಕೈಗೆ ಏನೂ ಗೊತ್ತಾಗಿರೋದಿಲ್ಲ. ಅಷ್ಟರಲ್ಲೇ ಮೀನು ಬಾಯಲ್ಲಿ ಇಟ್ಟುಕೊಂಡಾಗಿರುತ್ತದೆ. ಬಣ್ಣದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಿಳಿನೀರಿಗೆ ಹಸಿರು ಮಿಶ್ರಿತ ಕಂದು, ಕದಡಿದ ನೀರಿಗೆ ಕಪ್ಪು-ನೀಲಿ. ಇಷ್ಟು ಸಾಕು.

ಜುಲೈ, ಆಗಸ್ಟ್‌ಗೆ ಕೆರೆಯ ಮುಖವೇ ಬದಲಾಗಿರುತ್ತದೆ. ಹಾಪ್‌ಕಿಂಟನ್‌ನ ವೈಟ್‌ಹಾಲ್ ಜಲಾಶಯದಂಥ ಕಡೆ ಮೂಲೆ ಮೂಲೆಗಳಲ್ಲಿ ತಾವರೆ ಎಲೆ ಹಾಸಿಕೊಂಡಿರುತ್ತದೆ. ಬಿಸಿಲಿಗೆ ಮೀನು ಆಳಕ್ಕೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ಸರಿ. ಆಳದ ಕೆರೆಗಳಲ್ಲಿ ಬೇಸಿಗೆಯಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಅಂತ ಪದರ ಪದರ ಆಗಿ ನಿಂತುಬಿಡುತ್ತದೆ. ಕೆಳಗಿನ ಪದರದಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಹೋಗುತ್ತದೆ, ಅಲ್ಲಿ ಬ್ಯಾಸ್ ನಿಲ್ಲೋದಿಲ್ಲ. ಹಾಗಾಗಿ ದೊಡ್ಡ ಮೀನುಗಳು ಎಷ್ಟೋ ಸಲ ಎಲೆಗಳ ದಟ್ಟ ನೆರಳಲ್ಲೇ, ಮೂರಡಿ ನೀರಲ್ಲೇ ಸಿಗುತ್ತವೆ.

ಅಲ್ಲಿಗೆ ಹಾಕೋದು ಕಪ್ಪೆ. ಟೊಳ್ಳು ರಬ್ಬರಿನ ಕಪ್ಪೆ, ಎರಡು ಕೊಕ್ಕೆ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ, ಹಾಗಾಗಿ ಎಲೆಗೆ ಸಿಕ್ಕಿಕೊಳ್ಳಲ್ಲ. ನಮ್ಮಲ್ಲಿ ಕೊರವ ಹಿಡಿಯುವ ಹುಡುಗರೂ ಈಗ ಇಂಥದ್ದೇ ಕಪ್ಪೆ ಉಪಯೋಗಿಸುತ್ತಾರೆ. ಎಲೆಯ ಮೇಲೆ ಬೀಳಿಸಿ, ಸಣ್ಣ ಸಣ್ಣ ಜಗ್ಗು ಕೊಟ್ಟು ನಡೆಸಿಕೊಂಡು ಬಂದು, ಎಲೆ ಮುಗಿದು ನೀರು ಕಾಣುವ ಕಿಂಡಿಯಲ್ಲಿ ನಿಲ್ಲಿಸಬೇಕು. ಹೊಡೆತ ಬಿದ್ದಾಗ ನೀರು ಸಿಡಿದು ಎದೆ ಧಸಕ್ಕೆನ್ನುತ್ತದೆ. ಆಗಲೇ ಎಳೆದರೆ ಕಪ್ಪೆ ಮಾತ್ರ ಹಾರಿ ವಾಪಸ್ ಬರುತ್ತದೆ. ಒಂದು ಉಸಿರು ತಡೆದು, ರಾಡ್‌ಗೆ ಮೀನಿನ ಭಾರ ಗೊತ್ತಾದ ಮೇಲೆ ಜೋರಾಗಿ ಎಳೆಯಬೇಕು. ಇದಕ್ಕೆ ನೈಲಾನ್ ದಾರ ಸಾಲದು, 50 ಪೌಂಡ್ ತಡೆಯುವ ಹೆಣೆದ ದಾರ ಬೇಕು. ಯಾಕೆಂದರೆ ಮೀನಿನ ಜೊತೆ ಒಂದಷ್ಟು ತಾವರೆ ದಂಟೂ ಬರುತ್ತದೆ.

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಈ ಎಲೆಗಳು ಕೊಳೆಯುತ್ತವೆ. ಕೊಳೆಯುವ ಗಿಡ ಆಮ್ಲಜನಕ ತಿನ್ನುತ್ತದೆ. ಹಾಗಾಗಿ ಇನ್ನೂ ಹಸಿರಾಗಿರುವ ಗಿಡ ಎಲ್ಲಿದೆ ಅಂತ ಹುಡುಕಿ, ಮೀನು ಅಲ್ಲಿರುತ್ತದೆ. ಈ ಕಾಲದಲ್ಲಿ ಬ್ಯಾಸ್ ಚಿಕ್ಕ ಮೀನುಗಳ ಹಿಂಡನ್ನು ಅಟ್ಟಿಸುತ್ತದೆ. ತಗಡು ತಿರುಗುವ ಸ್ಪಿನ್ನರ್‌ಬೈಟ್ ಹಾಕಿ ಬೇಗ ಬೇಗ ಸುತ್ತಿಕೊಂಡು ಬಂದರೆ ಕೆರೆಯ ಸುಮಾರು ಭಾಗ ಜಾಲಾಡಬಹುದು. ಮೇಲಿನ ನೀರು ತಣ್ಣಗಾಗಿ ಮುಳುಗಿ ಪದರಗಳು ಕಲಸಿಹೋಗುವ ಕೆಲವು ದಿನ ಮಾತ್ರ ಏನೂ ಕಚ್ಚಲ್ಲ. ನವೆಂಬರ್‌ನಲ್ಲಿ ಜಿಗ್, ಅಂದರೆ ತಲೆಗೆ ಭಾರ ಕೂರಿಸಿದ ಕೊಕ್ಕೆಯ ಲೂರ್, ತಳಕ್ಕೆ ಬಿಟ್ಟು ತೀರಾ ನಿಧಾನಕ್ಕೆ ಎಳೆಯಬೇಕು. ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಹಿಡಿಯುವವರಿದ್ದಾರೆ. ನಡೆಯೋದಕ್ಕೆ ಕನಿಷ್ಠ 4 ಇಂಚು ಗಟ್ಟಿ ಮಂಜು ಬೇಕು ಅಂತ ಇಲ್ಲಿನ ವನ್ಯಜೀವಿ ಇಲಾಖೆ ಹೇಳುತ್ತದೆ. ನಾನು ಆ ಕಡೆ ಹೋಗಲ್ಲ.

"ಹಿಡಿದ ಮೀನು ಏನ್ ಮಾಡ್ತೀಯಾ?" ಅಂತ ಅಮ್ಮ ಪ್ರತಿ ಸಲ ಕೇಳುತ್ತಾರೆ. ಬಿಡುತ್ತೇನೆ. 12 ಇಂಚು ಮೇಲ್ಪಟ್ಟ 5 ಬ್ಯಾಸ್ ದಿನಕ್ಕೆ ಒಯ್ಯಬಹುದು ಅಂತ ನಿಯಮ ಇದೆ. ಆದರೆ ಕಲ್ಲಿದ್ದಲು ಸುಟ್ಟ ಹೊಗೆಯ ಜೊತೆ ಪಾದರಸ ಗಾಳಿಯಲ್ಲಿ ಬಂದು ಕೆರೆಗಳಿಗೆ ಸೇರಿದೆ. ಚಿಕ್ಕ ಮೀನನ್ನು ತಿನ್ನುವ ದೊಡ್ಡ ಮೀನಿನ ಮೈಯಲ್ಲಿ ಅದು ಜಾಸ್ತಿ ಜಮಾ ಆಗುತ್ತದೆ. ಬಸುರಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು ಇಲ್ಲಿನ ಕೆರೆಗಳ ಮೀನು ತಿನ್ನಬಾರದು ಅಂತ ರಾಜ್ಯದ ಆರೋಗ್ಯ ಇಲಾಖೆಯೇ ಹೇಳಿದೆ. ಸರ್ಕಾರ ಸಾಕಿ ಬಿಡುವ ಟ್ರೌಟ್‌ಗೆ ಮಾತ್ರ ವಿನಾಯಿತಿ. ಮೀನು ಸಾರು ಬೇಕು ಅನಿಸಿದರೆ ಅಂಗಡಿಯಿಂದ ಸಮುದ್ರದ ಮೀನು ತರುತ್ತೇವೆ. ಈ ರಾಜ್ಯದ ಅತಿ ದೊಡ್ಡ ಬ್ಯಾಸ್ 15 ಪೌಂಡ್ 8 ಔನ್ಸ್, ಅಂದರೆ ಸುಮಾರು 7 ಕಿಲೋ. 1975ರಲ್ಲಿ ಕಾರ್ವರ್ ಊರಿನ ಸ್ಯಾಂಪ್ಸನ್ ಪಾಂಡ್‌ನಲ್ಲಿ ಸಿಕ್ಕಿದ್ದು. ಇಲ್ಲಿ ನಮ್ಮ ಸುತ್ತಲಿನ ಕೆರೆಗಳಲ್ಲಿ ಒಂದೂವರೆ ಕಿಲೋ ಸಿಕ್ಕರೇ ಅವತ್ತು ಹಬ್ಬ.

ಮೇ ತಿಂಗಳಿಗೆ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ದಿನವಿಡೀ ಮನೆಯಲ್ಲಿ ಕೂತಿರಬೇಡಿ, ನಿಮಗೂ ಲೈಸೆನ್ಸ್ ಸಿಗುತ್ತದೆ. ಹೊರಗಿನವರಿಗೆ ಮೂರು ದಿನದ್ದೂ ಇದೆ, ವರ್ಷದ್ದೂ ಇದೆ, ಆನ್‌ಲೈನ್‌ನಲ್ಲೇ ತೆಗೆಯಬಹುದು. 15 ವರ್ಷದೊಳಗಿನ ಮೊಮ್ಮಕ್ಕಳಿಗೆ ಬೇಕಾಗಿಲ್ಲ. ಊರಿನಿಂದ ಸೀಸದ ಗುಂಡು ಮಾತ್ರ ತರಬೇಡಿ. ಲೂನ್ ಅನ್ನುವ ನೀರುಹಕ್ಕಿಗಳು ಅದನ್ನು ನುಂಗಿ ಸಾಯುತ್ತವೆ ಅಂತ ಒಂದು ಔನ್ಸಿಗಿಂತ ಚಿಕ್ಕ ಸೀಸದ ಗುಂಡನ್ನು 2012ರಿಂದ ಇಲ್ಲಿನ ಕೆರೆಗಳಲ್ಲಿ ನಿಷೇಧಿಸಿದ್ದಾರೆ. ಟಂಗ್‌ಸ್ಟನ್ ಗುಂಡು ಇಲ್ಲೇ ಸಿಗುತ್ತದೆ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ದಡದ ಹುಲ್ಲಿನಲ್ಲಿ ಉಣುಗು ಇರುತ್ತದೆ, ಅದು ಕಚ್ಚಿದರೆ ಲೈಮ್ ಅನ್ನೋ ಕಾಯಿಲೆ ಬರಬಹುದು. ಮಲೆನಾಡಿನವರಿಗೆ ಉಣುಗಿನ ವಿಷಯ ಹೇಳಿಕೊಡಬೇಕಾಗಿಲ್ಲ. ಮನೆಗೆ ಬಂದ ತಕ್ಷಣ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ಒಮ್ಮೆ ನೋಡಿಕೊಂಡು ಸ್ನಾನ ಮಾಡಿ.