ಮೊದಲು ರಾಡ್, ಆಮೇಲೆ ಬೈಟ್

6 ಫೆಬ್ರವರಿ 2025, ಗುರುವಾರ ರಾತ್ರಿ

ಮಕ್ಕಳು ಆಗಷ್ಟೇ ಮಲಗಿದ್ದರು. ಕಿರಣನ ಫೋನ್ ಬಂತು. "ಗುರು, ತಗೊಂಡೇಬಿಟ್ಟೆ" ಅಂದ. ಡೆಪ್ಸ್ ಸ್ಲೈಡ್ ಸ್ವಿಮ್ಮರ್ 250. ಬಾಸ್ ಮೀನು ಹಿಡಿಯೋಕೆ ಗಾಳಕ್ಕೆ ಕಟ್ಟೋ, ಎಡಕ್ಕೆ ಬಲಕ್ಕೆ ಜಾರುತ್ತಾ ಈಜೋ ನಕಲಿ ಮೀನು, ಅಂದರೆ ಗ್ಲೈಡ್‌ಬೈಟ್. ಹತ್ತಿಂಚು ಉದ್ದ, ತೂಕ 150 ಗ್ರಾಂ ದಾಟುತ್ತದೆ. ಅವನ ದನಿಯಲ್ಲಿದ್ದ ಖುಷಿ ಕೇಳಿ ನನಗೂ ಖುಷಿಯಾಯಿತು. ಮರುಗಳಿಗೆಯಲ್ಲೇ ಕಸಿವಿಸಿ.

"ಯಾವ ರಾಡಲ್ಲಿ ಎಸೀತೀಯ?"

"ಅದೇ, ಏಳಡಿದು."

ಆ ರಾಡ್ ನನಗೆ ಗೊತ್ತು. ಹಿಡಿಯ ಮೇಲೆಯೇ ಬರೆದಿದೆ, 1 ಔನ್ಸ್‌ವರೆಗೆ ಅಂತ. ಅಂದರೆ 28 ಗ್ರಾಂ. ಅದಕ್ಕೆ ಐದು ಪಟ್ಟು ತೂಕ ಕಟ್ಟಿ ಬೀಸಿದರೆ ರಾಡ್ ಮುರಿಯಬಹುದು. ಮುರಿಯದೇ ಹೋದರೂ ದಾರ ಸುತ್ತೋ ರೀಲಲ್ಲಿ ಲೈನ್ ಸಿಕ್ಕುಬಿದ್ದು ಪಟ್ ಅಂತ ಕಡಿಯುತ್ತದೆ. ಅಷ್ಟು ದುಡ್ಡು ಕೊಟ್ಟ ಬೈಟ್ ನೀರಿನ ಪಾಲು. ಇವೆಲ್ಲ ಹೋಗಲಿ, ದೊಡ್ಡ ಬಾಸ್ ಕಚ್ಚಿದಾಗ ಆ ಮೆತ್ತನೆ ರಾಡಿಗೆ ಗಾಳ ನಾಟಿಸುವ ಶಕ್ತಿಯೇ ಇರಲ್ಲ.

ಅದಕ್ಕೇ ಬಿಡಿಸಿ ಹೇಳಿದೆ. ಇಂಥ ದೊಡ್ಡ ನಕಲಿ ಮೀನು (ಸ್ವಿಮ್‌ಬೈಟ್) ಎಸೆಯೋಕಂತಲೇ ಇರೋ ಎಂಟಡಿ ಹತ್ತಿರದ ರಾಡ್ ನೋಡು, 2ರಿಂದ 8 ಔನ್ಸ್ ತಡೆಯೋದು. ರೀಲ್ 300 ಇಲ್ಲವೇ 400 ಸೈಜಿಂದು. ಲೈನ್ 25 ಪೌಂಡ್ ತಡೆಯೋ ಮೋನೋ, ಅಂದರೆ ಒಂಟಿ ಎಳೆ ನೈಲಾನ್ ದಾರ ಸಾಕು. ಹೆಣೆದ ದಾರ, ಬ್ರೇಡ್, ಗಟ್ಟಿ ನಿಜ, ಆದರೆ ಅದು ಚೂರೂ ಹಿಗ್ಗಲ್ಲ. ದಡದ ಹತ್ತಿರ ಮೀನು ತಲೆ ಒದರಿದರೆ ಗಾಳ ಕಿತ್ತುಬರುತ್ತದೆ. ಎಸೆಯುವಾಗ ಜಾಡಿಸಬೇಡ. ತುದಿಯಿಂದ ಒಂದೆರಡು ಅಡಿ ಲೈನ್ ಇಳಿಬಿಟ್ಟು, ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬೀಸು, ಭಾರವೇ ತಾನಾಗಿ ಎಳ್ಕೊಂಡು ಹೋಗುತ್ತೆ.

ಕಿರಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಡಾಟಿ ಥರದ್ದು ಸಿಗುತ್ತಾ?" ಅಂದ.

ಡಾಟಿ! ಕ್ಯಾಲಿಫೋರ್ನಿಯಾದ ಎಸ್ಕಾಂಡಿಡೋದ ಡಿಕ್ಸನ್ ಕೆರೆಯ ಹೆಣ್ಣು ಬಾಸ್, ದವಡೆ ಕೆಳಗೆ ಕಪ್ಪು ಚುಕ್ಕೆ ಇದ್ದದ್ದು. 2006ರ ಮಾರ್ಚಲ್ಲಿ ಸಿಕ್ಕಾಗ ತೂಕ 25 ಪೌಂಡ್ 1 ಔನ್ಸ್. 1932ರಲ್ಲಿ ಜಾರ್ಜಿಯಾದಲ್ಲಿ ಆದ ವಿಶ್ವದಾಖಲೆಯೇ 22 ಪೌಂಡ್ 4 ಔನ್ಸ್. ಗಾಳ ಬಾಯಿಗೆ ಸಿಕ್ಕಿರಲಿಲ್ಲ, ಮೈಗೆ ಚುಚ್ಚಿತ್ತು. ಹಿಡಿದವರು ತೂಗಿ ನೀರಿಗೇ ಬಿಟ್ಟರು, ದಾಖಲೆಗೆ ಅರ್ಜಿಯನ್ನೂ ಹಾಕಲಿಲ್ಲ. ಎಂಥ ಜನ! ಈ ಕಥೆ ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ದೊಡ್ಡ ಬಾಸ್ ಬೆಳೆಯುವುದಕ್ಕೆ ಕಾರಣ ಇದೆ. 1959ರಲ್ಲಿ ಸ್ಯಾನ್ ಡಿಯಾಗೋ ಕೆರೆಗಳಿಗೆ ಫ್ಲೋರಿಡಾ ತಳಿ ತಂದು ಬಿಟ್ಟರು. ಅದರ ಜೊತೆಗೆ ಚಳಿಗಾಲದಲ್ಲಿ ಟ್ರೌಟ್ ಮೀನು ಬಿಡುತ್ತಾರೆ. ಕೊಬ್ಬಿದ ಮೀನು ಹುಡುಕದೇ ಸಿಕ್ಕರೆ ಬಾಸ್ ಬಿಡುತ್ತದಾ? ಟ್ರೌಟ್ ಹಾಗೇ ಕಾಣೋ ಸ್ವಿಮ್‌ಬೈಟ್ ಹುಟ್ಟಿದ್ದೇ ಹೀಗೆ. ನಮ್ಮ ಡೆಲ್ ವ್ಯಾಲಿ ಕೆರೆಗೂ ಈಗ ಟ್ರೌಟ್ ಬಿಡ್ತಿದ್ದಾರೆ. ಅದಕ್ಕೇ ಈ ತಿಂಗಳು ಗ್ಲೈಡ್‌ಬೈಟ್‌ಗಿಂತ ಎಂಟಿಂಚಿನ ಹಡಲ್‌ಸ್ಟನ್ ಟ್ರೌಟ್ (ಮೆತ್ತನೆ ಪ್ಲಾಸ್ಟಿಕ್ಕಿನ ಸ್ವಿಮ್‌ಬೈಟ್) ಮೇಲೇ ನನಗೆ ಜಾಸ್ತಿ ನಂಬಿಕೆ. ತಣ್ಣೀರಲ್ಲಿ ಬಾಸ್ ಬೇಟೆಯನ್ನು ದೂರ ಅಟ್ಟಿಸಿಕೊಂಡು ಹೋಗಲ್ಲ. ತಳಕ್ಕಿಳಿಸಿ, ಬೇಸರ ಬರುವಷ್ಟು ನಿಧಾನವಾಗಿ, ಒಂದೇ ಸಮ ರೀಲ್ ಸುತ್ತಬೇಕು. ಗ್ಲೈಡ್‌ಬೈಟನ್ನು ರೀಲಿನ ಹಿಡಿಕೆ ಅರ್ಧರ್ಧ ಸುತ್ತು ತಿರುಗಿಸಿ ಎಡಕ್ಕೆ ಬಲಕ್ಕೆ ಜಾರಿಸೋದು, ಅದಕ್ಕೆ ನೀರು ಇನ್ನೂ ಬೆಚ್ಚಗಾಗಲಿ.

ಫೋನ್ ಇಟ್ಟು ಡಬ್ಬಿ ತೆಗೆದರೆ ಒಂದು ಹಡಲ್‌ಸ್ಟನ್ ಬಾಲ ಸೊಟ್ಟಗಾಗಿದೆ. ಈ ಮೆತ್ತನೆ ಪ್ಲಾಸ್ಟಿಕ್ ಮಡಚಿಕೊಂಡು ಕೂತರೆ ಹಾಗೇ ಸೆಟ್ಟಾಗುತ್ತದೆ, ಆಮೇಲೆ ನೀರಲ್ಲಿ ಒಂದೇ ಕಡೆ ವಾಲುತ್ತದೆ. ಬಿಸಿನೀರಲ್ಲಿ ಅದ್ದಿದೆ. ಬಾಲ ಸಡಿಲವಾಯ್ತು. ಬೆರಳಲ್ಲಿ ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿದೆ. ಸುಮಾ ಬಂದು ನೋಡಿ, "ಆ ಪಾತ್ರೆ ಅಡುಗೆಗೆ ಬೇಡ ಇನ್ನು" ಅಂದಳು. ಸರಿ.

ಒಂದು ಮಾತು ಕಿರಣನಿಗೆ ಹೇಳಬೇಕಿತ್ತು, ಮರೆತೆ. ಈಗ ಸಿಗುವ ದೊಡ್ಡವೆಲ್ಲ ಮೊಟ್ಟೆ ತುಂಬಿಕೊಂಡ ಹೆಣ್ಣುಗಳು. ದವಡೆಯಲ್ಲೇ ನೇತುಹಾಕಿ ಫೋಟೋ ತೆಗೆಯಬಾರದು, ಹೊಟ್ಟೆಗೆ ಇನ್ನೊಂದು ಕೈ ಕೊಡಬೇಕು. ಕೈ ಒದ್ದೆ ಇರಲಿ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಮೆಸೇಜ್ ಹಾಕ್ತೀನಿ.

ಶನಿವಾರ ಗಾಳಿ ಇದೆಯಂತೆ. ನನ್ನ ಎಂಟಡಿ ರಾಡ್ ಅವನ ಕೈಗೇ ಕೊಡೋಣ. ಹಡಲ್‌ಸ್ಟನ್‌ನಲ್ಲಿ ನಿಧಾನ ಮುಳುಗೋ 5ನೇ ನಂಬರ್ ಕಟ್ಟೋದಾ, ಬೇಗ ಮುಳುಗೋ 12 ಕಟ್ಟೋದಾ? ಗಾಳಿಗೆ ಲೈನ್ ಬಾಗಿದರೆ 5 ತಳ ಮುಟ್ಟೋದು ಕಷ್ಟ, ಆದರೆ ದಡದ ಹತ್ತಿರ ಕಳೆ ಜಾಸ್ತಿ ಇರೋ ಕಡೆ 12 ಹಾಕಿದ್ರೆ ಕಳೆಗೇ ಸಿಕ್ಕಿಕೊಳ್ಳುತ್ತೆ.