ಟಾಸ್ಕ್ ಮ್ಯಾನೇಜರಿನ ಆ ಒಂದೇ ಸಾಲು

"ಒಂದೇ ಇದೆಯಲ್ಲ ಮಾರಾಯ್ರೆ, ಎಂಡ್ ಟಾಸ್ಕ್ ಕೊಟ್ಟುಬಿಡಿ."

ಈ ವಾರ ಮಲೆನಾಡಿನ ಒಂದು ಅಡಿಕೆ ಸೊಸೈಟಿಯಲ್ಲಿ ಡೇಟಾಬೇಸ್ ನೋಡಲು ಹೋಗಿದ್ದ ನನಗೆ ಮ್ಯಾನೇಜರ್ ಹೇಳಿದ ಮಾತು ಇದು. ಮನೆಗೆ ಬಂದ ಮೇಲೂ ಕಿವಿಯಿಂದ ಹೋಗುತ್ತಿಲ್ಲ. ಅವರು ಕೆಟ್ಟವರಲ್ಲ. ಟೆಂಡರ್ ದಿನ, ತೂಕದ ಚೀಟಿ ಪ್ರಿಂಟ್ ಆಗುತ್ತಿಲ್ಲ, ಚಾಲಿ ತಂದವರು, ರಾಶಿ ತಂದವರು ಎಲ್ಲರೂ ಕೌಂಟರ್ ಮುಂದೆ ನಿಂತಿದ್ದಾರೆ, ವ್ಯಾಪಾರಿಗಳು ಗಡಿಯಾರ ನೋಡುತ್ತಿದ್ದಾರೆ. ಬೈಸಿಕೊಳ್ಳುವವರು ಮ್ಯಾನೇಜರೇ. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಆ ಮಾತು ಒಪ್ಪುವಂಥದ್ದಲ್ಲ.

ಅಲ್ಲಿನ ಸರ್ವರ್ ವಿಂಡೋಸ್‌ನದ್ದು, ಒಳಗಿರುವುದು ಒರಾಕಲ್ ಅನ್ನುವ ಡೇಟಾಬೇಸ್. ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಒರಾಕಲ್ ಡಾಟ್ ಇಎಕ್ಸ್‌ಇ ಅಂತ ಒಂದೇ ಒಂದು ಸಾಲು, ಅದರ ಮುಂದೆ ಸಿಪಿಯು ಶೇಕಡಾ 50. ನೋಡಿದವರಿಗೆ ಯಾರಿಗಾದರೂ ಅನಿಸುವುದು ಅದೇ, ಒಂದು ಪ್ರೋಗ್ರಾಮ್ ಕೆಟ್ಟಿದೆ, ಎಂಡ್ ಟಾಸ್ಕ್ ಒತ್ತಿ ನಿಲ್ಲಿಸಿದರೆ ಆಯಿತು ಅಂತ. ಲಿನಕ್ಸ್ ಆಗಿದ್ದರೆ ಹೀಗೆ ಅನಿಸುತ್ತಿರಲಿಲ್ಲ. ಅಲ್ಲಿ ಪಿಮಾನ್, ಎಸ್‌ಮಾನ್, ಎಲ್‌ಜಿಡಬ್ಲ್ಯೂಆರ್ ಅನ್ನುವ ಒರಾಕಲ್‌ನ ಹಿನ್ನೆಲೆ ಕೆಲಸಗಳೆಲ್ಲವೂ ಸಾಮಾನ್ಯವಾಗಿ ಬೇರೆ ಬೇರೆ ಪ್ರೊಸೆಸ್, ಅಂದರೆ ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಮ್, ಒಬ್ಬೊಬ್ಬರ ಕನೆಕ್ಷನ್‌ಗೂ ಒಂದೊಂದು ಪ್ರೊಸೆಸ್. ಪಿಎಸ್ ಅನ್ನುವ ಕಮಾಂಡ್ ಹೊಡೆದರೆ ಸಾಲುಸಾಲಾಗಿ ಕಾಣುತ್ತವೆ. ವಿಂಡೋಸ್‌ನಲ್ಲಿ ಇವೆಲ್ಲ ಒಂದೇ ಪ್ರೊಸೆಸ್ಸಿನ ಒಳಗಿನ ಥ್ರೆಡ್‌ಗಳು, ಅಂದರೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳು. ಒಂದೇ ಮನೆಯ ಒಳಗೆ ಎಲ್ಲರೂ, ಹೊರಗೆ ಒಂದೇ ಬಾಗಿಲು. ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಅನ್ನುವ ಬೇರೆ ಡೇಟಾಬೇಸ್‌ಗಳು ಕೂಡ ಹೀಗೆಯೇ. ಪೋಸ್ಟ್‌ಗ್ರೆಸ್ ಮಾತ್ರ ವಿಂಡೋಸ್‌ನಲ್ಲೂ ಕನೆಕ್ಷನ್‌ಗೊಂದು ಪ್ರೊಸೆಸ್ ಇಟ್ಟುಕೊಳ್ಳುತ್ತದೆ. ಹಳೆಯ 32 ಬಿಟ್ ವಿಂಡೋಸ್ ಕಾಲದಲ್ಲಿ ಇದರ ಕಷ್ಟ ಇನ್ನೂ ಜಾಸ್ತಿ ಇತ್ತು. ಒಂದು ಪ್ರೊಸೆಸ್ಸಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು 2 ಜಿಬಿ ಜಾಗ, ಅಷ್ಟರಲ್ಲೇ ಡೇಟಾಬೇಸಿನ ಮೆಮೊರಿ, ಎಲ್ಲ ಬಳಕೆದಾರರ ಮೆಮೊರಿ ಹೊಂದಬೇಕಿತ್ತು.

ಆ ಸಾಲಿಗೆ ಎಂಡ್ ಟಾಸ್ಕ್ ಕೊಟ್ಟರೆ ಏನಾಗುತ್ತದೆ? ಇಡೀ ಡೇಟಾಬೇಸ್ ಕುಸಿಯುತ್ತದೆ. ಕಮಿಟ್ ಆದದ್ದು, ಅಂದರೆ ಪೂರ್ತಿ ಮುಗಿಸಿ ಉಳಿಸಿದ್ದು, ಹೋಗುವುದಿಲ್ಲ, ಅದು ಬದಲಾವಣೆಗಳನ್ನು ಬರೆದಿಡುವ ರೀಡೂ ಲಾಗ್‌ನಲ್ಲಿ ಇರುತ್ತದೆ, ಮತ್ತೆ ಶುರು ಮಾಡಿದಾಗ ಒರಾಕಲ್ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಆ ಕ್ಷಣದಲ್ಲಿ ಅರ್ಧ ತುಂಬಿಸಿದ್ದ ಪ್ರತಿಯೊಂದು ಬಿಲ್ಲೂ ಹೋಯಿತು. ತೂಕದವರದ್ದು, ಕ್ಯಾಶ್‌ನವರದ್ದು, ಸಾಲದ ವಿಭಾಗದವರದ್ದು.

ನಾನು ಇದನ್ನು ಮ್ಯಾನೇಜರಿಗೆ ವಿವರಿಸುತ್ತಿದ್ದಾಗ ಹಿಂದೆ ನಿಂತಿದ್ದ ಆಪರೇಟರ್ ಹುಡುಗಿ ಮೆಲ್ಲಗೆ ಕೇಳಿದಳು, "ಆ ಒಂದರಲ್ಲಿ ನಾವೆಲ್ಲ ಇದ್ದೀವಾ ಸರ್?"

ಎಂಥ ಪ್ರಶ್ನೆ! ನಾನು ಈ ಕೆಲಸದ ಬಗ್ಗೆ ಎಷ್ಟೋ ಜನರಿಗೆ ಪಾಠ ಮಾಡಿದ್ದೇನೆ, ಸ್ಲೈಡ್ ಹಾಕಿ ಚಿತ್ರ ಬಿಡಿಸಿ ತೋರಿಸಿದ್ದೇನೆ. ಇಷ್ಟು ಸರಿಯಾಗಿ ಯಾರೂ ಕೇಳಿರಲಿಲ್ಲ. ಹೌದಮ್ಮ, ಎಲ್ಲರೂ ಇದ್ದೀರಿ, ತೋರಿಸ್ತೀನಿ ಬಾ ಅಂದೆ.

ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದೆ. ಸಿಸ್‌ಇಂಟರ್ನಲ್ಸ್‌ನದ್ದು, ಮಾರ್ಕ್ ರಸಿನೋವಿಚ್ ಬರೆದದ್ದು. 2006ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು, ಈಗಲೂ ಪುಕ್ಕಟೆ ಸಿಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಥ್ರೆಡ್ ಎಷ್ಟಿವೆ ಅನ್ನುವ ಕಾಲಂ ಹಾಕಿಕೊಳ್ಳಬಹುದು, ಯಾವುದು ಏನು ಮಾಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಇದರಲ್ಲಿ ಹಾಗಲ್ಲ. ಒರಾಕಲ್ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಥ್ರೆಡ್ಸ್ ಟ್ಯಾಬಿಗೆ ಹೋದರೆ ಒಂದೊಂದೂ ತನ್ನ ನಂಬರಿನ ಜೊತೆ ಕಾಣುತ್ತದೆ. ಸಿಪಿಯು ಪ್ರಕಾರ ಜೋಡಿಸಿದೆ. ಮೇಲಿನ ಎರಡು ಥ್ರೆಡ್ ಹತ್ತಿರ ಹತ್ತಿರ 25, 25. ಉಳಿದವೆಲ್ಲ ಸುಮ್ಮನೆ ಕೂತಿವೆ. ಸಿಪಿಯುಗೆ ನಾಲ್ಕು ಕೋರ್ ಇರುವ ಮೆಷಿನ್‌ನಲ್ಲಿ ಶೇಕಡಾ 25 ಅಂದರೆ ಒಂದು ಥ್ರೆಡ್ ಒಂದು ಇಡೀ ಕೋರನ್ನು ಹಿಡಿದುಕೊಂಡು ಬಿಡುತ್ತಿಲ್ಲ ಅಂತ ಅರ್ಥ.

ಇನ್ನು ಆ ನಂಬರ್ ಯಾರದ್ದು ಅಂತ ಹುಡುಕಬೇಕು. ವಿಂಡೋಸ್‌ನಲ್ಲಿ ವಿ ಡಾಲರ್ ಪ್ರೊಸೆಸ್ ಅನ್ನುವ ಒರಾಕಲ್ ಪಟ್ಟಿಯ ಎಸ್‌ಪಿಐಡಿ ಕಾಲಂ ಅಂದರೆ ಇದೇ ಥ್ರೆಡ್ ನಂಬರ್. ಅದನ್ನು ಯಾರ್‍ಯಾರು ಒಳಗಿದ್ದಾರೆ ಅಂತ ಹೇಳುವ ವಿ ಡಾಲರ್ ಸೆಷನ್ ಜೊತೆ ಜೋಡಿಸಿದರೆ ಹೆಸರು ಬರಬೇಕು. ಬಂತು. ಎರಡಕ್ಕೂ ಒಂದೇ ಹೆಸರು. ಅಷ್ಟೇ ಅಲ್ಲ, ಎಲ್ಲರಿಗೂ ಅದೇ ಹೆಸರು! ಸಾಫ್ಟ್‌ವೇರ್ ಮಾಡಿಕೊಟ್ಟವರು ಇಡೀ ಸೊಸೈಟಿಯನ್ನು ಒಂದೇ ಲಾಗಿನ್‌ನಲ್ಲಿ ಡೇಟಾಬೇಸಿಗೆ ಕಳಿಸುತ್ತಾರೆ. ಯಾವ ವಿಭಾಗದ ಕೆಲಸ ಅಂತ ತೋರಿಸುವ ಮಾಡ್ಯೂಲ್ ಹೆಸರು ತುಂಬಿಸುವುದಕ್ಕೆ ಒರಾಕಲ್‌ನಲ್ಲಿ ಒಂದು ಸಾಲಿನ ಕೋಡ್ ಸಾಕು, ಅದನ್ನೂ ಬರೆದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ದುಡಿಯುವ ಮನುಷ್ಯರ ಗುರುತನ್ನು ಹೀಗೆ ಅಳಿಸಿಹಾಕುವುದು ಬರೀ ಸೋಮಾರಿತನ, ಬೇರೆ ಏನೂ ಅಲ್ಲ.

ಉಳಿದದ್ದು ಮೆಷಿನ್ ಹೆಸರಿನ ಕಾಲಂ ಒಂದೇ. ನನಗೆ ಆ ಹೆಸರುಗಳಿಂದ ಏನೂ ತಿಳಿಯಲಿಲ್ಲ. ಆ ಹುಡುಗಿ ನೋಡಿದವಳೇ, "ಇದು ಆಡಿಟ್ ರೂಮಿನ ಕಂಪ್ಯೂಟರ್ ಸರ್, ಎರಡೂ ಅದರದ್ದೇ" ಅಂದಳು.

ಹೋಗಿ ಕೇಳಿದರೆ ವಿಷಯ ಸರಳ. ಆಡಿಟ್‌ಗೆ ಬಂದ ಹುಡುಗ ಒಂದು ರಿಪೋರ್ಟ್ ಹಾಕಿದ್ದಾನೆ, ಬರಲಿಲ್ಲ, ಕಿಟಕಿ ಮುಚ್ಚಿ ಮತ್ತೆ ಹಾಕಿದ್ದಾನೆ. ಅವನ ಪರದೆಯಲ್ಲಿ ಮುಚ್ಚಿದರೂ ಸರ್ವರ್‌ನಲ್ಲಿ ಮೊದಲನೆಯದು ಓಡುತ್ತಲೇ ಇತ್ತು. ಉತ್ತರ ಕಳಿಸಲು ಹೋಗುವ ತನಕ ಆ ಕಡೆ ಯಾರೂ ಇಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎರಡು ಟೇಬಲ್ ಸೇರಿಸುವಾಗ ಷರತ್ತು ಬಿಟ್ಟುಹೋದ ಕ್ವೆರಿ ಅದು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಲೆಕ್ಕವಿಲ್ಲದಷ್ಟು ಸಾಲು ಹುಟ್ಟಿಸಿ ಡಿಸ್ಕಿಗೆ ಸುರಿಯುತ್ತಿತ್ತು. ತೂಕದ ಚೀಟಿ ಕಾಯುತ್ತಿದ್ದದ್ದು ಅದೇ ಡಿಸ್ಕಿಗೆ.

ಮೊದಲು ಆ ಎರಡು ಕನೆಕ್ಷನ್ ಕಡಿಯಲು ಒರಾಕಲ್‌ನ ಕಿಲ್ ಸೆಷನ್ ಕಮಾಂಡ್ ಕೊಟ್ಟೆ. ಒಂದು ಹೋಯಿತು. ಇನ್ನೊಂದು, ಕಿಲ್ ಮಾಡಲು ಗುರುತು ಹಾಕಿದೆ ಅಂತ ಹೇಳಿ ಅಲ್ಲೇ ಕೂತಿತು. ಅದಕ್ಕೆ ಒರಾಕಿಲ್. ವಿಂಡೋಸ್‌ಗೆಂದೇ ಇರುವ ಕಮಾಂಡ್, ಡೇಟಾಬೇಸಿನ ಹೆಸರು ಮತ್ತು ಥ್ರೆಡ್ ನಂಬರ್ ಕೊಟ್ಟರೆ ಆ ಥ್ರೆಡ್ ಒಂದನ್ನೇ ಕೊಲ್ಲುತ್ತದೆ. ನಂಬರ್ ತಪ್ಪಿ ಪಿಮಾನ್ ಥರದ ಹಿನ್ನೆಲೆ ಥ್ರೆಡ್‌ಗೆ ಹೋದರೆ ಎಲ್ಲವೂ ಕುಸಿಯುತ್ತದೆ. ಅವಳು ನಂಬರ್ ಓದಿದಳು, ನಾನು ಟೈಪ್ ಮಾಡಿದೆ, ಇನ್ನೊಮ್ಮೆ ಓದಿಸಿ ಎಂಟರ್ ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಕೌಂಟರಿನ ಪ್ರಿಂಟರ್ ಶುರುವಾಯಿತು. ಹೊರಗೆ ಜನ ಮುಂದೆ ಸರಿದರು.

ಮ್ಯಾನೇಜರ್ ನನಗೆ ಥ್ಯಾಂಕ್ಸ್ ಹೇಳಿ ಕಾಫಿ ತರಿಸಿದರು. ಅವಳಿಗೆ ಏನೂ ಹೇಳಲಿಲ್ಲ. ಯಾವ ಕಂಪ್ಯೂಟರ್ ಎಲ್ಲಿದೆ, ಯಾರು ಯಾವಾಗ ಯಾವ ರಿಪೋರ್ಟ್ ಹಾಕುತ್ತಾರೆ ಅನ್ನುವುದೆಲ್ಲ ತಿಳಿದಿರುವುದು ಅವಳಿಗೆ. ಕಾಯಂ ಆಗಿಲ್ಲ ಅಂತ ಆಮೇಲೆ ತಿಳಿಯಿತು. ಸೊಸೈಟಿಯ ವಾರ್ಷಿಕ ವರದಿ ಮೇಜಿನ ಮೇಲಿತ್ತು, ತಿರುವಿ ನೋಡಿದೆ. ಸಿಬ್ಬಂದಿ ವೆಚ್ಚ ಅಂತ ಒಂದು ಸಾಲು, ಅದರ ಮುಂದೆ ಒಂದು ಮೊತ್ತ. ವೆಚ್ಚ ಜಾಸ್ತಿ ಆಯಿತು ಅಂತ ಸಭೆಯಲ್ಲಿ ಯಾರೋ ಎದ್ದು ನಿಂತರೆ ಕತ್ತರಿ ಬೀಳುವುದು ಆ ಸಾಲಿಗೆ, ಮತ್ತೆ ಯಾರ ಕೆಲಸ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ನಾವು ಕಂಪ್ಯೂಟರಿನವರು ಥ್ರೆಡ್ ನೋಡುವುದಕ್ಕೆ ಇಷ್ಟೆಲ್ಲ ಸಲಕರಣೆ ಮಾಡಿಕೊಂಡಿದ್ದೇವೆ. ಇಂಥ ಸಾಲುಗಳನ್ನು ಬಿಚ್ಚಿ ನೋಡುವವರು ಯಾರು?

ಹೊರಡುವ ಮೊದಲು ಮ್ಯಾನೇಜರಿಗೆ ಎರಡು ಮಾತು ಹೇಳಿದೆ. ರಿಪೋರ್ಟ್ ಹಾಕುವವರಿಗೆ ಬೇರೆ ಲಾಗಿನ್ ಮಾಡಿ, ಅದಕ್ಕೆ ಒರಾಕಲ್ ಪ್ರೊಫೈಲ್‌ನಲ್ಲಿ ಸಿಪಿಯು ಮಿತಿ ಹಾಕುತ್ತೇನೆ, ಟೆಂಡರ್ ದಿನ ಇಂಥದ್ದು ತಾನಾಗಿ ನಿಲ್ಲುತ್ತದೆ ಅಂತ ಒಂದು. ಆ ಹುಡುಗಿಗೆ ನೋಡುವ ಅನುಮತಿ ಕೊಡಿ, ಕ್ವೆರಿ ನಾನು ಹೇಳಿಕೊಡುತ್ತೇನೆ, ಮುಂದಿನ ಸಲ ನನ್ನನ್ನು ಕಾಯುವುದು ಬೇಡ ಅಂತ ಇನ್ನೊಂದು. ಮೊದಲನೆಯದಕ್ಕೆ ತಕ್ಷಣ ಹೂಂ ಅಂದರು. ಎರಡನೆಯದನ್ನು ಕಮಿಟಿಯಲ್ಲಿ ಇಡಬೇಕಂತೆ. ಇಡಲಿ, ನಾನು ಬರಹದಲ್ಲೇ ಕೊಟ್ಟು ಬಂದಿದ್ದೇನೆ, ಅವಳ ಹೆಸರು ಹಾಕಿ.