ಎಂಟು ಕೊಂಬಿನ ಎತ್ತುಗಳು, ಕಾಣೆಯಾದ ಹನ್ನೆರಡು ನಿಮಿಷ

ಯಾವ ಹಳೇ ಕನ್ನಡ ಚಿತ್ರ ಶುದ್ಧಗೊಂಡು ಡಿಸ್ಕಿಗೆ ಬಂದೀತು ಎಂದು ನಾವು ಇಟ್ಟುಕೊಂಡಿರುವ ಮೈಸೂರು–ಮಂಡ್ಯದ ಊಹೆ ಪಟ್ಟಿಗೆ ಈ ಸಲ ಒಂದೇ ಒಂದು ತಿದ್ದುಪಡಿ. ಅದಕ್ಕೇ ಮೂರು ವಾರ ಹಿಡಿಯಿತು. ‘ಬರಬೇಕಿತ್ತು’ ಸಾಲಿನಲ್ಲಿ ಆಸೆ ಬಿಟ್ಟು ಇಟ್ಟಿದ್ದ ಒಂದು ಕಪ್ಪು-ಬಿಳುಪು ಚಿತ್ರ ‘ಬರಬಹುದು’ ಸಾಲಿಗೆ ಏರಿದೆ. ಚಿತ್ರದ ಹೆಸರು ಹಾಕುತ್ತಿಲ್ಲ. ಹೆಸರು ಹಾಕಿದ ಕೂಡಲೇ ಮಾತು ನಾಯಕನ ಕಡೆ, ಹಾಡಿನ ಕಡೆ ಹೊರಳುತ್ತದೆ, ಲೆಕ್ಕ ಹಿಂದೆ ಬೀಳುತ್ತದೆ. ಈಗ ಬೇಕಿರುವುದು ಲೆಕ್ಕ, ಏಕೆಂದರೆ ಇದೇ ತಪ್ಪು ಪಟ್ಟಿಯ ಬೇರೆ ಚಿತ್ರಗಳಲ್ಲೂ ಆಗಿರಬಹುದು.

ಪಟ್ಟಿಯಲ್ಲಿ ಮೂರು ಸಾಲು: ‘ಬರುತ್ತದೆ’, ‘ಬರಬಹುದು’, ‘ಬರಬೇಕಿತ್ತು’. ಪೂರ್ತಿ ಪ್ರಿಂಟ್ ಅಥವಾ ನೆಗೆಟಿವ್ ಉಳಿದಿದೆಯೇ, ಹಕ್ಕು ಯಾರ ಕೈಯಲ್ಲಿದೆ, ದುಡ್ಡು ಹಾಕುವವರು ಯಾರು ಎಂಬ ಮೂರು ಪ್ರಶ್ನೆಗಳ ಮೇಲೆ ಇದು ನಿಂತಿದೆ. ಮೊದಲನೆಯದಕ್ಕೇ ‘ಇಲ್ಲ’ ಎಂದು ಬಂದರೆ ಉಳಿದೆರಡನ್ನು ಕೇಳುವುದೇ ಇಲ್ಲ. ನಮ್ಮ ಚಿತ್ರ ಬಿದ್ದದ್ದು ಅಲ್ಲೇ.

ಆಗಿದ್ದು ಇಷ್ಟು. ಮಂಡ್ಯದ ಪೇಟೆ ಬೀದಿಯ ಕಡೆಯಿಂದ ಬಂದ ಹಳೇ ಡಿವಿಡಿ. ಆರಂಭದಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಇದೆ, 16 ರೀಲು ಎನ್ನುವುದು ಸ್ಪಷ್ಟ, ಆದರೆ ಉದ್ದದ ಅಂಕಿ ಮಸುಕು: 4,390 ಮೀಟರೋ 4,890 ಮೀಟರೋ ತಿಳಿಯದು. ಇಂಥ ಕಡೆ ಕಣ್ಣಿಗಿಂತ ಭಾಗಾಕಾರವನ್ನು ನಂಬಬೇಕು. ಒಂದು ರೀಲು ಸಾಮಾನ್ಯವಾಗಿ 1,000 ಅಡಿ, ಅಂದರೆ 304.8 ಮೀಟರ್ ದಾಟುವುದಿಲ್ಲ. 16 ರೀಲು ತುಂಬಿ ತುಳುಕಿದರೂ 4,877 ಮೀಟರ್. ಹಾಗಾಗಿ 4,890 ಆಗುವ ಹಾಗಿಲ್ಲ, ಅದು 4,390.

35 ಮಿ.ಮೀ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್, ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 90 ಅಡಿ. ಮೀಟರಿನಲ್ಲಿ 27.432. ಸರ್ಟಿಫಿಕೇಟಿನಲ್ಲಿ ಅಡಿ ಇದ್ದರೆ 90ರಿಂದ, ಮೀಟರ್ ಇದ್ದರೆ 27.432ರಿಂದ ಭಾಗಿಸಿ. ನಮ್ಮದು 160 ನಿಮಿಷ 2 ಸೆಕೆಂಡ್ ಬಂತು. ಡಿವಿಡಿಯಲ್ಲಿ ಕಂಪನಿಯ ಲಾಂಛನ, ಎಚ್ಚರಿಕೆ ಫಲಕ ಕಳೆದು ಉಳಿದದ್ದು 148 ನಿಮಿಷ 10 ಸೆಕೆಂಡ್. ಕೊರತೆ 11 ನಿಮಿಷ 52 ಸೆಕೆಂಡ್. ಒಂದು ಪೂರ್ತಿ ರೀಲು ಓಡುವುದು 11 ನಿಮಿಷ 7 ಸೆಕೆಂಡ್. ‘ಒಂದು ರೀಲೇ ಕಳೆದುಹೋಗಿದೆ, ಜೊತೆಗೆ ಅಲ್ಲಲ್ಲಿ ಚೂರುಪಾರು ಕತ್ತರಿಸಿದೆ’ ಎಂದು ಬರೆದು ಚಿತ್ರವನ್ನು ಕೆಳಗಿಳಿಸಿದ್ದೆವು. ಅಂಕಿಗಳು ಅಷ್ಟು ಚೆನ್ನಾಗಿ ಕೂತಿದ್ದವು.

ವೇಗದ ಸಂಗತಿ ಮರೆತಿರಲಿಲ್ಲ. ಪಾಲ್ ಪದ್ಧತಿಯ (ನಮ್ಮ ದೇಶದ ಹಳೇ ಟಿವಿ ಪದ್ಧತಿ, ಸೆಕೆಂಡಿಗೆ 25 ಫ್ರೇಮ್) ಟೇಪಿಗೆ ಇಳಿಸುವಾಗ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿಬಿಡುತ್ತಾರೆ, ನೂರು ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಕೈಯಲ್ಲಿದ್ದ ಡಿಸ್ಕ್ ಎನ್‌ಟಿಎಸ್‌ಸಿ (ಅಮೆರಿಕದ ಹಳೇ ಟಿವಿ ಪದ್ಧತಿ), 720×480, ಸೆಕೆಂಡಿಗೆ 29.97 ಫ್ರೇಮ್. ಈ ಪದ್ಧತಿಯಲ್ಲಿ ವೇಗ ಬದಲಾಗುವುದು ಸಾವಿರಕ್ಕೊಂದು ಪಾಲು ಮಾತ್ರ, 160 ನಿಮಿಷದ ಚಿತ್ರ ಹತ್ತು ಸೆಕೆಂಡಿನಷ್ಟು ಉದ್ದವಾಗುತ್ತದೆ, ಅಷ್ಟೇ. ಆದ್ದರಿಂದ ಯಾವ ತಿದ್ದುಪಡಿಯೂ ಬೇಡ ಎಂದುಕೊಂಡೆವು. ತಪ್ಪಿದ್ದು ಇಲ್ಲಿ. ಡಿಸ್ಕ್ ಎನ್‌ಟಿಎಸ್‌ಸಿ ಇರಬಹುದು, ಅದರ ತಾಯಿ ಟೇಪೂ ಎನ್‌ಟಿಎಸ್‌ಸಿ ಆಗಿರಬೇಕೆಂದಿಲ್ಲ.

ಅನುಮಾನ ಹುಟ್ಟಿದ್ದು ಕಿವಿಯಿಂದ. ಕ್ಯಾಸೆಟ್ಟಿನಲ್ಲಿ ಕೇಳುವ ಹಾಡಿಗಿಂತ ಡಿಸ್ಕಿನ ಹಾಡು ಶ್ರುತಿಯಲ್ಲಿ ಮೇಲಿತ್ತು. 24ರಿಂದ 25ಕ್ಕೆ ಏರಿದರೆ ಶ್ರುತಿ ಒಂದು ಅರ್ಧಸ್ವರದ ಮುಕ್ಕಾಲಿಗೆ ಹತ್ತಿರ ಏರುತ್ತದೆ. ಆದರೆ ಇದೊಂದನ್ನೇ ಸಾಕ್ಷಿ ಎನ್ನಲಾಗದು. ಹಳೇ ಡೆಕ್ಕುಗಳ ಮೋಟಾರು ನೂರಕ್ಕೆ ಒಂದೆರಡು ಪಾಲು ಹೆಚ್ಚುಕಡಿಮೆ ಓಡುತ್ತದೆ, ಕ್ಯಾಸೆಟ್ಟಿಗೆ ಬೇರೆಯೇ ಧ್ವನಿಮುದ್ರಣ ಹಾಕಿರಬಹುದು. ಕಿವಿ ದಾರಿ ತೋರಿಸಲಿ, ತೀರ್ಪು ಕಣ್ಣು ಕೊಡಲಿ.

ಕಣ್ಣಿಗೆ ಸಿಕ್ಕಿದ್ದು ಎತ್ತಿನ ಗಾಡಿ. ಎಡದಿಂದ ಬಲಕ್ಕೆ ಗಾಡಿ ಹಾದುಹೋಗುವ ಒಂದು ಶಾಟ್ ಇದೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು, ಡಿಇಂಟರ್‌ಲೇಸ್ (ಬಾಚಣಿಗೆ ಗೆರೆ ಅಳಿಸುವ ಸೌಲಭ್ಯ) ಆಫ್ ಮಾಡಿ, ‘ಇ’ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ನೇರವಾಗಿ ಫಿಲ್ಮಿನಿಂದ ಎನ್‌ಟಿಎಸ್‌ಸಿಗೆ ಇಳಿಸಿದ್ದರೆ ಐದೈದು ಫ್ರೇಮಿನ ಲಯ ಕಾಣಬೇಕು: ಮೂರು ಸ್ವಚ್ಛ, ಎರಡರಲ್ಲಿ ಅಂಚಿಗೆ ಬಾಚಣಿಗೆ ಹಲ್ಲು. ಇಲ್ಲಿ ಆ ಲಯವೇ ಇಲ್ಲ. ಬದಲಿಗೆ ಎರಡು ಎತ್ತಿಗೆ ಎಂಟು ಕೊಂಬು. ನಾಲ್ಕು ಗಟ್ಟಿ ಕೊಂಬು, ಅವುಗಳ ಪಕ್ಕದಲ್ಲೇ ಹೊಗೆಯಂತೆ ಇನ್ನು ನಾಲ್ಕು. ಮುಂದಿನ ಫ್ರೇಮಿನಲ್ಲಿ ಹೊಗೆ ಕೊಂಬು ಗಟ್ಟಿಯಾಗಿ, ಗಟ್ಟಿ ಕೊಂಬು ಹೊಗೆಯಾಗುತ್ತದೆ. 25 ಫ್ರೇಮಿನ ಪಾಲ್ ಟೇಪನ್ನು ಯಂತ್ರದಲ್ಲಿ ಹಾಕಿ ಎನ್‌ಟಿಎಸ್‌ಸಿಗೆ ಪರಿವರ್ತಿಸಿದಾಗ ಅಕ್ಕಪಕ್ಕದ ಚಿತ್ರಗಳು ಹೀಗೆ ಬೆರೆಯುತ್ತವೆ. ಈ ಪರಿವರ್ತನೆಯಲ್ಲಿ ಓಟದ ಅವಧಿ ಬದಲಾಗದು. ಪಾಲ್‌ನಲ್ಲಿ ಆದ ಅವಸರ ಹಾಗೇ ಉಳಿದು ಎನ್‌ಟಿಎಸ್‌ಸಿ ವೇಷದಲ್ಲಿ ಬರುತ್ತದೆ.

ಮತ್ತೆ ಲೆಕ್ಕ. 160 ನಿಮಿಷ 2 ಸೆಕೆಂಡನ್ನು 0.96ರಿಂದ ಗುಣಿಸಿದರೆ 153 ನಿಮಿಷ 38 ಸೆಕೆಂಡ್. ಕೊರತೆ ಈಗ 5 ನಿಮಿಷ 28 ಸೆಕೆಂಡ್ ಮಾತ್ರ. ಅದನ್ನು ಫಿಲ್ಮಿನ ವೇಗಕ್ಕೆ ತಂದರೆ 5 ನಿಮಿಷ 42 ಸೆಕೆಂಡ್, ಸುಮಾರು 156 ಮೀಟರ್. ಒಂದು ರೀಲಿನ ಅರ್ಧ. ಅಂದರೆ ರೀಲು ಕಳೆದಿಲ್ಲ, ಯಾರೋ ಏನನ್ನೋ ಕತ್ತರಿಸಿದ್ದಾರೆ.

ಏನನ್ನು ಎಂಬುದಕ್ಕೆ ಉತ್ತರ ಕೊಟ್ಟದ್ದು ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕ. ಅದರಲ್ಲಿ ಆರು ಹಾಡು, ಡಿಸ್ಕಿನಲ್ಲಿ ಐದು. ಇಲ್ಲೊಂದು ಮಾತು ಸೇರಿಸಬೇಕು, ಏಕೆಂದರೆ ಮುಂದಿನ ಕೆಲಸ ಇದೇ: ಮೈಸೂರು, ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಮನೆಗಳ ಅಟ್ಟದಲ್ಲಿರುವ ಹಾಡಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಸೇರಿಸುವುದು. ಹಾಡುಗಳ ಜೊತೆ ಕಥಾಸಾರ, ತಂತ್ರಜ್ಞರ ಪಟ್ಟಿ ಎಲ್ಲ ಅದರಲ್ಲಿ ಇರುತ್ತದೆ. ಚಿತ್ರ ಪೂರ್ತಿ ಇದೆಯೇ ಎಂದು ನೋಡಲು ಅಷ್ಟು ಅಗ್ಗದ, ಅಷ್ಟು ನಂಬಿಕಸ್ಥ ಸಾಧನ ಮತ್ತೊಂದಿಲ್ಲ. ಸ್ಕ್ಯಾನ್ 600 ಡಿಪಿಐಗಿಂತ ಕಡಿಮೆ ಬೇಡ. 300ರಲ್ಲಿ ಮಾಡಿದರೆ ರಕ್ಷಾಪುಟದ ಫೋಟೋದ ಮುದ್ರಣ ಚುಕ್ಕೆಗಳು ಸ್ಕ್ಯಾನರಿನ ಗೆರೆಗಳ ಜೊತೆ ಸಿಕ್ಕಿಕೊಂಡು ಮುಖದ ಮೇಲೆಲ್ಲಾ ಜಾಲರಿ ಮೂಡುತ್ತದೆ. ನ್ಯೂಸ್‌ಪ್ರಿಂಟ್ ಕಾಗದ ಹುಳಿಯಾಗಿ ಕಂದಿರುತ್ತದೆ, ಬೆನ್ನಿನ ಪಿನ್ನು ತುಕ್ಕು ಹಿಡಿದಿರುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಬೇಡಿ, ಹಾಳೆ ಪಿನ್ನಿನ ಹತ್ತಿರವೇ ಹರಿಯುತ್ತದೆ. ಮೊದಲು ಪಿನ್ನು ಬಿಚ್ಚಿ, ಬಿಡಿ ಹಾಳೆ ಸ್ಕ್ಯಾನ್ ಮಾಡಿ, ಆಮೇಲೆ ಬಿಳಿ ದಾರದಲ್ಲಿ ಹೊಲಿಯಿರಿ. ಹಿಂದೆ ಕಪ್ಪು ಹಾಳೆ ಇಟ್ಟರೆ ಆ ಬದಿಯ ಅಕ್ಷರ ಈ ಬದಿಗೆ ಇಣುಕುವುದಿಲ್ಲ.

ಸರಿ, ಆರನೇ ಹಾಡು. ಕತ್ತರಿಸಿದ್ದು ಪ್ರಿಂಟನ್ನೋ, ಟೇಪನ್ನೋ? ಇಡೀ ತಿದ್ದುಪಡಿ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಪ್ರಿಂಟಿನಿಂದಲೇ ಹಾಡು ಹೋಗಿದ್ದರೆ ಆ ಪ್ರಿಂಟ್ ಅರೆಬರೆ. ಟೇಪಿನಲ್ಲಿ ಹೋಗಿದ್ದರೆ ಟೆಲಿಸಿನೆ ಮಾಡಿದ, ಅಂದರೆ ಫಿಲ್ಮನ್ನು ಟೇಪಿಗೆ ಇಳಿಸಿದ ದಿನ ಪ್ರಿಂಟಿನಲ್ಲಿ ಆ ಹಾಡು ಇತ್ತು.

ಪ್ರೊಜೆಕ್ಟರ್ ಓಡಿಸಿದವರಿಗೆ ಇದರ ಕೀಲಿ ಗೊತ್ತು. 35 ಮಿ.ಮೀ. ಪ್ರಿಂಟಿನಲ್ಲಿ ಒಂದು ಫ್ರೇಮಿನ ಧ್ವನಿ ಅದರ ಪಕ್ಕದಲ್ಲೇ ಇರುವುದಿಲ್ಲ, 20–21 ಫ್ರೇಮ್ ಮುಂದೆ ಇರುತ್ತದೆ. ಚಿತ್ರ ಬೀಳುವ ಗೇಟ್ ಮೇಲೆ, ಧ್ವನಿ ಓದುವ ಹೆಡ್ ಕೆಳಗೆ. ಪ್ರಿಂಟ್ ಕತ್ತರಿಸಿ ಜಾಯಿಂಟ್ ಹಾಕಿದ್ದರೆ ಆ ಜಾಯಿಂಟ್ ಮೊದಲು ಗೇಟ್ ದಾಟುತ್ತದೆ, 20 ಫ್ರೇಮ್ ಕಳೆದು ಹೆಡ್ ಮುಟ್ಟುತ್ತದೆ. ಹಾಗಾಗಿ ಚಿತ್ರ ಮೊದಲು ಜಿಗಿಯುತ್ತದೆ, ಮುಕ್ಕಾಲು ಸೆಕೆಂಡಿಗೂ ಸ್ವಲ್ಪ ಹೆಚ್ಚು ಹೊತ್ತಿನ ನಂತರ ‘ಟಪ್’ ಎಂದು ಧ್ವನಿ ಜಿಗಿಯುತ್ತದೆ. ಟೇಪಿನಲ್ಲಿ ಕತ್ತರಿ ಆಡಿಸಿದ್ದರೆ ಎರಡೂ ಒಟ್ಟಿಗೇ ಜಿಗಿಯುತ್ತವೆ.

ಆದರೆ ಈ ಪರೀಕ್ಷೆಗೆ ಒಂದು ಷರತ್ತು ಇದೆ. ಚಿತ್ರ ಮತ್ತು ಧ್ವನಿ ಎರಡೂ ಒಂದೇ ಪ್ರಿಂಟಿನಿಂದ ಬಂದಿರಬೇಕು. ನೆಗೆಟಿವ್ ಒಂದು ಕಡೆ, ಧ್ವನಿ ಬೇರೆ ಕಡೆಯಿಂದ ಇಳಿಸಿದ್ದರೆ ಈ ಅಂತರ ಇರುವುದೇ ಇಲ್ಲ. ಆದ್ದರಿಂದ ಮೊದಲು ಮೂಲ ಪ್ರಿಂಟೇ ಹೌದೋ ಎಂದು ನೋಡಿಕೊಂಡೆವು. ರೀಲು ಮುಗಿಯುವ ಮುನ್ನ ಬಲಗಡೆ ಮೇಲಿನ ಮೂಲೆಯಲ್ಲಿ ದುಂಡು ಚುಕ್ಕೆ ಎರಡು ಸಲ ಮಿನುಗುತ್ತದೆ, ಸುಮಾರು 8 ಸೆಕೆಂಡ್ ಮುಂಚೆ ಒಮ್ಮೆ, 1 ಸೆಕೆಂಡ್ ಮುಂಚೆ ಇನ್ನೊಮ್ಮೆ. ಟಾಕೀಸಿನಲ್ಲಿ ರೀಲು ಬದಲಿಸಲು ಹಾಕಿದ ಗುರುತು ಅದು. ಜೊತೆಗೆ ಧೂಳಿನ ಬಣ್ಣ: ಪ್ರಿಂಟಿನ ಮೇಲಿನ ಧೂಳು ಪರದೆಯಲ್ಲಿ ಕಪ್ಪಗೆ, ನೆಗೆಟಿವ್ ಮೇಲಿನ ಧೂಳು ಬೆಳ್ಳಗೆ ಕಾಣುತ್ತದೆ. ನಮ್ಮ ಡಿಸ್ಕಿನಲ್ಲಿ ಚುಕ್ಕೆಯೂ ಇದೆ, ಕಪ್ಪು ಧೂಳೂ ಧಾರಾಳ. ಇನ್ನೊಂದು ಗಟ್ಟಿ ಸಾಕ್ಷಿ 31ನೇ ನಿಮಿಷದಲ್ಲಿ ಸಿಕ್ಕಿತು. ಅಲ್ಲಿ ಪ್ರಿಂಟ್ ಹರಿದು ಜಾಯಿಂಟ್ ಹಾಕಿದ್ದಾರೆ, ನಾಯಕಿ ಹೊಸ್ತಿಲಿಂದ ಒಮ್ಮೆಲೇ ಒಲೆಯ ಮುಂದೆ ಹೋಗಿರುತ್ತಾಳೆ. ಅಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿ ಬಿಡಿಸಿ ಅಳೆದರೆ ‘ಟಪ್’ ಬಂದಿದ್ದು ಸರಿಯಾಗಿ 0.8 ಸೆಕೆಂಡ್ ನಂತರ. 25ರ ವೇಗದಲ್ಲಿ 20 ಫ್ರೇಮ್ ಎಂದರೆ 0.8 ಸೆಕೆಂಡೇ. ವೇಗದ ಲೆಕ್ಕವೂ ಇಲ್ಲಿ ಇನ್ನೊಮ್ಮೆ ಗಟ್ಟಿಯಾಯಿತು.

ಈಗ ಹಾಡು ಕಾಣೆಯಾದ ಜಾಗ. ಚಿತ್ರ ಜಿಗಿದ ಫ್ರೇಮಿನಲ್ಲೇ ಧ್ವನಿಯೂ ಜಿಗಿದಿದೆ, ಒಂದು ಫ್ರೇಮಿನಷ್ಟೂ ಅಂತರ ಇಲ್ಲ. ಮೂರು ಸಲ ಅಳೆದಾಯಿತು, ಬೇರೆ ಡ್ರೈವಿನಲ್ಲಿ ಡಿಸ್ಕ್ ಓದಿಸಿ ನಾಲ್ಕನೇ ಸಲವೂ ಆಯಿತು. ಟೇಪಿನಲ್ಲೇ ಕತ್ತರಿಸಿದ್ದಾರೆ. ಹಾಡು ಪ್ರಿಂಟಿನಲ್ಲಿತ್ತು!

ಇದರಿಂದ ಪ್ರಿಂಟ್ ಇವತ್ತಿಗೂ ಚೆನ್ನಾಗಿದೆ ಎಂದಾಗುವುದಿಲ್ಲ. ಅಸಿಟೇಟ್ ಫಿಲ್ಮ್ ಸೆಕೆ, ತೇವದಲ್ಲಿ ಕೂತರೆ ವಿನೆಗರ್ ವಾಸನೆ ಹಿಡಿದು ಕುಗ್ಗಿ ಮುರುಟುತ್ತದೆ. ಆದರೆ ಕಪ್ಪು-ಬಿಳುಪು ಚಿತ್ರಕ್ಕೆ ಒಂದು ಪುಣ್ಯವಿದೆ: ಬಿಂಬ ಬೆಳ್ಳಿಯದು, ಆ ಕಾಲದ ಬಣ್ಣದ ಪ್ರಿಂಟುಗಳ ಹಾಗೆ ಕೆಂಪಗೆ ಕಂದುವುದಿಲ್ಲ. ‘ಬರಬಹುದು’ ಎನ್ನಲು ಇಷ್ಟು ಸಾಕು.

ಉಳಿದ ಸಾಲುಗಳ ಬಗ್ಗೆ ಚುಟುಕಾಗಿ. ‘ಬರುತ್ತದೆ’ ಸಾಲಿನ ತುದಿಯಲ್ಲಿ ‘ಘಟಶ್ರಾದ್ಧ’ (1977) ಹಾಗೇ ಇದೆ. ಪುಣೆಯ ಸಂಗ್ರಹಾಲಯದಲ್ಲಿದ್ದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಅದನ್ನು ಬೊಲೋನ್ಯಾದಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಿಂದಿರುವುದು ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್. ಆ ಪ್ರಾಜೆಕ್ಟಿನ ಚಿತ್ರಗಳು ಅಮೆರಿಕದ ಕ್ರೈಟೀರಿಯನ್ ಕಂಪನಿಯ ಡಿಸ್ಕ್ ಪೆಟ್ಟಿಗೆಗಳಲ್ಲಿ ಬರುವ ವಾಡಿಕೆ ಇದೆ, 2022ರ ನಾಲ್ಕನೇ ಪೆಟ್ಟಿಗೆಯಲ್ಲಿ ಉದಯಶಂಕರರ ‘ಕಲ್ಪನಾ’ ಇತ್ತು. ಬ್ಲೂ-ರೇಯಲ್ಲಿ ಅಮೆರಿಕ ಎ ವಲಯ, ನಮ್ಮದು ಸಿ ವಲಯ, ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಿರಬಹುದು, ಅದನ್ನು ಮರೆಯಬೇಡಿ. ‘ಎಲ್ಲಾ ರೀಜನ್ ಓಡುತ್ತೆ’ ಎಂದು ಆನ್‌ಲೈನಿನಲ್ಲಿ ಮಾರುವ ಪ್ಲೇಯರುಗಳಲ್ಲಿ ಎಷ್ಟೋ ಡಿವಿಡಿಗೆ ಮಾತ್ರ ಹಾಗಿರುತ್ತವೆ, ಬ್ಲೂ-ರೇ ಹಾಕಿದರೆ ಬಾಗಿಲು ಮುಚ್ಚುತ್ತವೆ. ಇದನ್ನು ಕೇಳಿದರೆ ಮಾರಾಟಗಾರರು ಉತ್ತರವನ್ನೇ ಕೊಡುವುದಿಲ್ಲ, ದುಡ್ಡು ಕಳೆದುಕೊಂಡವರು ನಮ್ಮಲ್ಲೇ ಇಬ್ಬರಿದ್ದಾರೆ. ಕೊಳ್ಳುವ ಮೊದಲು ‘ಬ್ಲೂ-ರೇ ಎ ವಲಯ’ ಎಂಬ ಮಾತನ್ನೇ ಬರೆಸಿಕೊಳ್ಳಿ.

‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತುಂಬಿಕೊಂಡು ಟಾಕೀಸಿಗೆ ಬಂದವು. ಬಣ್ಣ ತುಂಬಬೇಕಾದರೆ ಪ್ರತಿ ಫ್ರೇಮೂ ಕಂಪ್ಯೂಟರಿಗೆ ಇಳಿದಿರಲೇಬೇಕು, ಹಾಗಾಗಿ ಎರಡೂ ‘ಬರಬಹುದು’ ಸಾಲಿನಲ್ಲಿವೆ. ಬಂದರೆ ಕಪ್ಪು-ಬಿಳುಪೂ ಅದೇ ಡಿಸ್ಕಿನಲ್ಲಿ ಇರಲಿ ಎಂಬುದು ನಮ್ಮ ಬೇಡಿಕೆ. ಅಗಲ ಪರದೆಗೆ ಕತ್ತರಿಸುವುದಂತೂ ಬೇಡವೇ ಬೇಡ. ಎತ್ತರದ 1.37 ಪಟ್ಟು ಅಗಲವಿರುವ ಚೌಕಟ್ಟನ್ನು 2.35 ಪಟ್ಟಿಗೆ ಹಿಗ್ಗಿಸಿದರೆ ಮೇಲೆ ಕೆಳಗೆ ಸೇರಿ ಚಿತ್ರದ ನೂರಕ್ಕೆ 40ಕ್ಕೂ ಹೆಚ್ಚು ಪಾಲು ಹೋಗುತ್ತದೆ, ಹಣೆ ಇದ್ದರೆ ಕೈ ಇರುವುದಿಲ್ಲ.

ಹಕ್ಕಿನ ವಿಷಯಕ್ಕೆ ಬಂದರೆ, ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ. 1965ರ ಚಿತ್ರಗಳ ಹಕ್ಕಿನ ಅವಧಿ 2025ರ ಕೊನೆಯವರೆಗೆ. ಇದರಿಂದ ಡಿಸ್ಕುಗಳ ಮಳೆ ಸುರಿಯುತ್ತದೆ ಎಂದು ಕೆಲವರ ಊಹೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಹಕ್ಕು ಮುಗಿದರೂ ನೆಗೆಟಿವ್ ಇರುವುದು ಇಟ್ಟುಕೊಂಡವರ ಬೀರುವಿನಲ್ಲೇ. ಲಕ್ಷಗಟ್ಟಲೆ ಸುರಿದು ಶುದ್ಧಗೊಳಿಸಿದ್ದನ್ನು ನಾಳೆಯೇ ಇನ್ನೊಬ್ಬರು ನಕಲು ಮಾಡಬಹುದು ಎಂದಾದರೆ ಸುರಿಯುವವರು ಹಿಂಜರಿಯುತ್ತಾರೆ.

ನಮ್ಮ ಎಂಟು ಕೊಂಬಿನ ಚಿತ್ರಕ್ಕೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಅದೇ ಚಿತ್ರದ ಮೂರು ಡಿಸ್ಕಿನ ವಿಸಿಡಿ ಬೇರೆ ಕಂಪನಿಯಿಂದ ಬಂದಿತ್ತು. ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ಸಿಕ್ಕಿದ್ದು ಮೊದಲನೆಯದು ಮತ್ತು ಮೂರನೆಯದು, ಹಾಡು ಇರಬೇಕಾದದ್ದು ಎರಡನೆಯದರಲ್ಲಿ. ಯಾರ ಹತ್ತಿರವಾದರೂ ಹಳೇ ಚಿತ್ರಗಳ ಬಿಡಿ ‘ಡಿಸ್ಕ್ 2’ಗಳಿದ್ದರೆ ಒರೆಸಿ ತೆಗೆದಿಡಿ. ಸುತ್ತಾಗಿ ಒರೆಸಬೇಡಿ, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಮೀಡಿಯಾಇನ್ಫೋ ತಂತ್ರಾಂಶದಲ್ಲಿ 352×288, 25 ಎಂದು ತೋರಿಸಿದರೆ ಪಾಲ್. ಎತ್ತಿನ ಗಾಡಿ ಬರುವ ಕಡೆ ನಿಲ್ಲಿಸಿ ಕೊಂಬು ಎಣಿಸಿ.